ಖಾನಾಪುರದ ದಕ್ಷಿಣ ದಿಕ್ಕು

ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿ.ಮೀ., ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ. ಟಿಳಕವಾಡಿ, ಪೀರನವಾಡಿ, ಮಚ್ಛೆ, ದೇಸೂರು ದಾಟಿ ನಿತ್ಯ ಓಡಾಡುವವರಿಗೆ ಇದು ಬರೀ ದಾರಿ. ರಾತ್ರಿ ಆಕಾಶದ ಫೋಟೊ ತೆಗೆಯುವ ಹವ್ಯಾಸಿಗೆ ಮಾತ್ರ ಆ ದಿಕ್ಕೇ ಬಂಡವಾಳ. ಖಾನಾಪುರದ ಆಚೆ ಹೊಲದ ಬದುವಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಊರ ಬೆಳಕೆಲ್ಲ ಬೆನ್ನ ಹಿಂದೆ ಉಳಿಯುತ್ತದೆ, ಎದುರಿಗೆ ಲೋಂಡಾ, ಭೀಮಗಡದ ಕಾಡು. ನಮ್ಮ ಅಕ್ಷಾಂಶದ ಅಪರೂಪದ ಸಂಪತ್ತು ಇರುವುದೂ ಆ ಕಡೆಗೇ. ಏಪ್ರಿಲ್ ನಡುವಿನಲ್ಲಿ ನಡುರಾತ್ರಿಯ ಹೊತ್ತಿಗೆ ಒಮೆಗಾ ಸೆಂಟಾರಿ ಇಲ್ಲಿ ದಿಗಂತದಿಂದ 27 ಡಿಗ್ರಿ ಮೇಲೆ ನಿಲ್ಲುತ್ತದೆ. ಸುಮಾರು 17,000 ಜ್ಯೋತಿರ್ವರ್ಷ ದೂರದ, ಕೋಟಿಯಷ್ಟು ತಾರೆಗಳ ಈ ಗೋಳಗುಚ್ಛ ಲಂಡನ್ನಿನವರಿಗೆ ಎಂದೂ ಉದಯಿಸುವುದೇ ಇಲ್ಲ. ಕ್ಷೀರಪಥದ ಕೇಂದ್ರ ಅವರಿಗೆ ಹತ್ತು ಡಿಗ್ರಿಯೂ ಏರದು. ನಮಗೆ 45 ಡಿಗ್ರಿ, ಅಂದರೆ ಅರ್ಧ ಆಕಾಶ. ಹಾಗಾಗಿ ಖಾನಾಪುರದ ಕತ್ತಲನ್ನು ಇನ್ನೂ ಬೆಳಕು ಬಾರದ ಜಾಗ ಎನ್ನುವ ಬದಲು, ಕಾಡು ಮತ್ತು ಮಲಪ್ರಭೆಯ ಹಾಗೆ ತಾಲ್ಲೂಕಿನ ಆಸ್ತಿ ಎಂದೇ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ವಾದ.

ಈ ದಿಕ್ಕಿನ ಲೆಕ್ಕದಲ್ಲಿ ಒಂದು ತಮಾಷೆಯೂ ಇದೆ. ಭೂಮಿ ತಿರುಗುವುದಕ್ಕೆ ಸರಿಯಾಗಿ ಕ್ಯಾಮೆರಾವನ್ನೂ ತಿರುಗಿಸುವ ಟ್ರ್ಯಾಕರ್ ಹೂಡಲು ಮೊದಲು ಧ್ರುವ ನಕ್ಷತ್ರ ಸಿಗಬೇಕು. ಅದು ಇಲ್ಲಿ ಉತ್ತರಕ್ಕೆ ಕೇವಲ 15–16 ಡಿಗ್ರಿ ಎತ್ತರದಲ್ಲಿದೆ, ಸರಿಯಾಗಿ ಬೆಳಗಾವಿಯ ಬೆಳಕಿನ ಮಬ್ಬಿನೊಳಗೆ. ಟ್ರ್ಯಾಕರ್ ಇಲ್ಲದವರಿಗೆ ಟ್ರೈಪಾಡ್ ಸಾಕು. 500ನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಚುಕ್ಕಿ ಗೆರೆಯಾಗದಂತೆ ಶಟರ್ ಎಷ್ಟು ಸೆಕೆಂಡ್ ತೆರೆದಿರಬಹುದು ಎಂಬ ಅಂದಾಜು ಸಿಗುತ್ತದೆ; 16 ಎಂಎಂ ಲೆನ್ಸಿಗೆ ಸುಮಾರು 30 ಸೆಕೆಂಡ್. ಕಷ್ಟವೆಲ್ಲ ಪಂಚಾಂಗದ್ದು. ಕ್ಷೀರಪಥದ ಕೇಂದ್ರ ಮಾರ್ಚ್ ಮೂರನೇ ವಾರ ರಾತ್ರಿ 1 ಗಂಟೆಯ ಸುಮಾರಿಗೆ ಹುಟ್ಟುತ್ತದೆ, ಮೇ ನಡುವಿಗೆ ಒಂಬತ್ತೂವರೆಗೆ. ಊಟ ಮುಗಿಸಿ ನೆಮ್ಮದಿಯಿಂದ ನೋಡುವ ಕಾಲ ಬಂತು ಎನ್ನುವಷ್ಟರಲ್ಲಿ ಮಳೆಗಾಲ ಕೂತುಬಿಡುತ್ತದೆ. ಮಳೆಗಾಲಕ್ಕೂ ಆಕಾಶ ನೋಡುವವರಿಗೂ ಇದು ಹಳೆಯ ಜಗಳ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣಕ್ಕೆ ರಾಯಲ್ ಸೊಸೈಟಿಯ ರೋಹಿತದರ್ಶಕ ಹಿಡಿದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬಂದದ್ದು ಇದೇ ಸೀಮೆಯ ಜಮಖಂಡಿಗೆ. ಯುರೇನಸ್ ಕಂಡುಹಿಡಿದವರ ಮೊಮ್ಮಗ, ಛಾಯಾಗ್ರಹಣಕ್ಕೆ ಹೈಪೊ ದ್ರಾವಣ ಒದಗಿಸಿದವರ ಮಗ. ಮೋಡ ಸರಿದ ಸಂದಿನಲ್ಲಿ ಸೂರ್ಯನ ಅಂಚಿನ ಜ್ವಾಲೆಯಿಂದ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಅವರಿಗೆ ಕಂಡವು. ಜ್ವಾಲೆ ಕಾದು ಬೆಳಗುವ ಅನಿಲ ಎನ್ನುವುದಕ್ಕೆ ಅಷ್ಟೇ ಸಾಕಾಯಿತು. ಆ ಗ್ರಹಣದ ಫೋಟೊಗಳನ್ನು ಗುಂಟೂರಿನಲ್ಲಿ ಮೇಜರ್ ಟೆನ್ನಂಟರ ತಂಡ ಹಿಡಿಯಿತು.

ಈ ಫೋಟೊಗಳೆಲ್ಲ ಕಂಪ್ಯೂಟರಿನಲ್ಲಿ ಬಣ್ಣ ಬಳಿದವು, ಕಣ್ಣಿಗೆ ಹಾಗೆ ಕಾಣುವುದೇ ಇಲ್ಲ ಎನ್ನುವವರಿದ್ದಾರೆ. ಕಾಣುವುದಿಲ್ಲ ಎಂಬುದು ನಿಜ, ಆದರೆ ಸುಳ್ಳು ಹೇಳುವುದು ಫೋಟೊ ಅಲ್ಲ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗದು, ಬಂದ ಬೆಳಕನ್ನು ಕೂಡಿಡಲೂ ಬಾರದು. ಕ್ಯಾಮೆರಾ ಎರಡನ್ನೂ ಮಾಡುತ್ತದೆ. ಒಂದೇ ನೋಟದ ನೂರು ಫೋಟೊ ಒಂದರ ಮೇಲೊಂದು ಹೊಂದಿಸಿದರೆ, ಅಂದರೆ ಸ್ಟ್ಯಾಕಿಂಗ್ ಮಾಡಿದರೆ, ಕಾಳುಕಾಳಾದ ಗದ್ದಲ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಇದು ಅಂಕಗಣಿತ, ಅಲಂಕಾರವಲ್ಲ. ಇನ್ನೊಂದು ಫೋಟೊದ ಕ್ಷೀರಪಥವನ್ನು ತಂದು ಕೋಟೆಯ ಮೇಲೆ ಅಂಟಿಸುವವರೂ ಇದ್ದಾರೆ. ಅವರ ಪರ ವಾದಿಸುವುದಿಲ್ಲ. ಹೀಗೆ ಅಂಟಿಸದೆಯೇ ವಿಸ್ಮಯ ಸಿಗುತ್ತದೆ. ಚಂದ್ರ ಗುಡಿ ಕಟ್ಟಿದಾಗ ಎತ್ತರದ ತೆಳು ಮೋಡದ ಆರು ಮೂಲೆಯ ಹಿಮಹರಳುಗಳು ಬೆಳಕನ್ನು ಬಾಗಿಸಿ 22 ಡಿಗ್ರಿ ತ್ರಿಜ್ಯದ ಬಳೆ ಮಾಡುತ್ತವೆ. 2021ರ ಮೇ 24ರಂದು ಬೆಂಗಳೂರು ಸೂರ್ಯನ ಸುತ್ತ ಕಂಡು ಬೆರಗಾದದ್ದು ಇದನ್ನೇ. ಅದಕ್ಕೆ ಮೊಬೈಲೂ ಸಾಕು.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಖಾನಾಪುರದ ಕಾಡಿನೊಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ತರಬೇಕಾದ ಸ್ಥಿತಿ ಇದೆ, ಕರಡಿಯ ಭಯವಿದೆ. ಅವರಿಗೆ ಕತ್ತಲು ಸಂಪತ್ತು ಎಂದು ಹೇಳಲು ಪೇಟೆಯ ಹವ್ಯಾಸಿಗೆ ಏನು ಅಧಿಕಾರ? ಪ್ರಶ್ನೆ ನ್ಯಾಯವಾದದ್ದು. ಆ ಮನೆಗಳಿಗೆ ದೀಪ ಬೇಕು, ರಸ್ತೆಯೂ ಬೇಕು. ಆದರೆ ಆಕಾಶ ಕೆಡಿಸುವುದು ಅಡುಗೆಮನೆಯ ಬಲ್ಬಲ್ಲ. ಮೇಲಕ್ಕೂ ಪಕ್ಕಕ್ಕೂ ಬೆಳಕು ಚೆಲ್ಲುವ ಬಿಳಿ ಎಲ್‌ಇಡಿ ಕಂಬ, ರಾತ್ರಿಯಿಡೀ ಉರಿಯುವ ಜಾಹೀರಾತು ಫಲಕ, ರೆಸಾರ್ಟಿನ ಫ್ಲಡ್‌ಲೈಟು. ಬಿಳಿ ಬೆಳಕಿನೊಳಗಿನ ನೀಲಿಯೇ ಗಾಳಿಯಲ್ಲಿ ಹೆಚ್ಚು ಚದುರುವುದು. ದೀಪಕ್ಕೆ ಮೇಲೊಂದು ಮುಚ್ಚಳ, ಹಳದಿ ಬಣ್ಣ, ಬೇಡದ ಹೊತ್ತಿನಲ್ಲಿ ಆರಿಸುವ ವ್ಯವಸ್ಥೆ ಇದ್ದರೆ ರಸ್ತೆಗೂ ಬೆಳಕು ಸಿಗುತ್ತದೆ, ಆಕಾಶವೂ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆ ಆಕಾಶದ ಮೀಸಲು ಪ್ರದೇಶ ಘೋಷಣೆಯಾಯಿತು. ಅದೂ ವನ್ಯಜೀವಿ ಧಾಮದೊಳಗೇ ಇದೆ, ಹಳ್ಳಿಗಳೂ ಅಲ್ಲೇ ಇವೆ. ಊರಿನವರ ಕೈಗೇ ದೂರದರ್ಶಕ ಕೊಟ್ಟರು. ಪ್ರವಾಸಿಗಳಿಗೆ ಆಕಾಶ ತೋರಿಸುವವರು ಅವರೇ. 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಸುತ್ತ ಇಂಥದ್ದು ಅಸಾಧ್ಯವೇನಲ್ಲ. ರಾತ್ರಿ ಕಾಡಿನೊಳಗೆ ಯಾರನ್ನೂ ಬಿಡಬೇಕಿಲ್ಲ, ಬಿಡಲೂಬಾರದು; ಅಂಚಿನ ಹಳ್ಳಿಯ ಹೊಲ ಸಾಕು. ಆ ಕಾಡಿನ ಬಾರಾಪೇಡೆ ಗುಹೆಯ ಅಪರೂಪದ ಬಾವಲಿಗಳಿಗೂ ಬೇಕಿರುವುದು ಅದೇ ಕತ್ತಲು.

ತಡವಾಗಿದೆಯೇ ಎಂದರೆ, ಜಗತ್ತಿನಾದ್ಯಂತ ಜನಸಾಮಾನ್ಯರು ಬರಿಗಣ್ಣಿಗೆ ಕಂಡಂತೆ ವರದಿ ಮಾಡಿದ ನಕ್ಷತ್ರಗಳ ಆಧಾರದಲ್ಲಿ 2023ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಅಧ್ಯಯನ, ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಏರುತ್ತಿದೆ ಎನ್ನುತ್ತದೆ. ಬೆಳಗಾವಿಯಿಂದ ಗೋವೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 748 ಸಾಗುವುದು ಖಾನಾಪುರ, ಲೋಂಡಾ ಮೇಲೆಯೇ. ಅದು ಅಗಲವಾದಂತೆ ಡಾಬಾ, ಪೆಟ್ರೋಲ್ ಬಂಕು, ಲೇಔಟು ದಕ್ಷಿಣಕ್ಕೆ ಇಳಿಯುತ್ತವೆ. ತ್ರಿಶಂಕು ನಕ್ಷತ್ರಪುಂಜದ ತಳದ ನಕ್ಷತ್ರ ಖಾನಾಪುರದಲ್ಲಿ ಏರುವುದು 11 ಡಿಗ್ರಿ ಮಾತ್ರ, ಬೆಳಕಿನ ಮಬ್ಬು ಮೊದಲು ತಲುಪುವುದು ಅದನ್ನೇ. ಆದರೆ ಮೊದಲು ಅಳಿಸಿಹೋಗುವುದು 27 ಡಿಗ್ರಿಯ ಮಂದ ಒಮೆಗಾ ಸೆಂಟಾರಿ. ಇಪ್ಪತ್ತೆರಡರ ಆಸುಪಾಸಿನಲ್ಲೇ ನಿಲ್ಲುವ ಅಗಸ್ತ್ಯ ಪ್ರಖರ ನಕ್ಷತ್ರವಾದ್ದರಿಂದ ಇನ್ನಷ್ಟು ವರ್ಷ ಉಳಿದೀತು.