ಹುಣಸೆ ಮರದ ಬಾಣಂತನ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿ ನೋಡಲು ಊರು ದಾಟಿ ಹೋಗಬೇಕಿಲ್ಲ. ಹಿತ್ತಲಿನ ಹುಣಸೆ ಮರದಲ್ಲಿ, ಬೀದಿಯ ಅರಳಿಯಲ್ಲಿ, ಮನೆಯ ಹೆಂಚಿಗೆ ತಾಗುವಷ್ಟು ಹತ್ತಿರದ ಕೊಂಬೆಯಲ್ಲಿ ಹೆಜ್ಜಾರ್ಲೆಗಳ ಗೂಡು. ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಹಿಕ್ಕೆ ಬಿದ್ದು ಎಲೆಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿರುತ್ತವೆ, ಬೀದಿಗೆ ಬೀದಿಯೇ ಮೀನು ನಾರುತ್ತಿರುತ್ತದೆ. ಆದರೂ ಕಲ್ಲು ಬೀಸಿ ಓಡಿಸುವವರಿಲ್ಲ. ಹೆಜ್ಜಾರ್ಲೆ ಎಂದರೆ ಬಾಣಂತನಕ್ಕೆ ತವರಿಗೆ ಬಂದ ಮಗಳು ಎನ್ನುತ್ತದೆ ಊರು.

ಕೃಷ್ಣೆಯ ದಂಡೆಯ ನಮಗೂ ನೀರುಹಕ್ಕಿಗಳು ಹೊಸವಲ್ಲ. ಗೋಕಾಕ ತಾಲ್ಲೂಕಿನ ಧೂಪದಾಳದ ಹಿನ್ನೀರು 1974ರಿಂದ ಘಟಪ್ರಭಾ ಪಕ್ಷಿಧಾಮ. ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳು ಅಲ್ಲಿಗೆ ಇಳಿಯುತ್ತವೆ. ಆದರೆ ಅಲ್ಲಿ ಹಕ್ಕಿಯದು ಹಿನ್ನೀರು, ಮನುಷ್ಯನದು ದಂಡೆ. ಚಿಕ್ಕೋಡಿ, ರಾಯಬಾಗ, ಅಥಣಿಯ ಹಳ್ಳಿಗಳಲ್ಲೂ ಹುಣಸೆ ಮರಗಳಿವೆ, ಯಾವುದರ ಮೇಲೂ ಹೆಜ್ಜಾರ್ಲೆ ಸಂಸಾರ ಹೂಡಿದ್ದನ್ನು ನಾನು ಕಂಡಿಲ್ಲ. ಒಂದು ಊರು ತನ್ನ ಅಂಗಳವನ್ನೇ ಹಕ್ಕಿಗೆ ಬಿಟ್ಟುಕೊಟ್ಟದ್ದು ಹೇಗೆ ಎಂಬ ಕುತೂಹಲ ನನ್ನನ್ನು ಬಹಳ ದಿನ ಕಾಡಿದೆ.

ಊರಿನ ಹಿರಿಯರ ಕತೆ ಪ್ಲೇಗಿನಿಂದ ಶುರುವಾಗುತ್ತದೆ. ಹಳೆಯ ಊರು ಶಿಂಷಾ ನದಿಗೆ ಇನ್ನೂ ಹತ್ತಿರದಲ್ಲಿತ್ತಂತೆ. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗು ಬಂದು ಜನ ಮನೆ ಬಿಟ್ಟು ಈಗಿನ ಜಾಗಕ್ಕೆ ಬಂದಾಗ, ಹಕ್ಕಿಗಳೂ ಹಿಂದೆಯೇ ಬಂದವಂತೆ. ಊರಿನ ಹೆಸರಿನೊಳಗೇ ಕೊಕ್ಕರೆ ಸೇರಿಕೊಂಡಿರುವುದನ್ನು ನೋಡಿದರೆ ಈ ನಂಟು ನೆನ್ನೆ ಮೊನ್ನೆಯದಲ್ಲ.

ಪ್ರೀತಿಯ ಜೊತೆಗೆ ಲೆಕ್ಕವೂ ಇತ್ತು. ಅದನ್ನು ಹೇಳದಿದ್ದರೆ ಊರಿನವರಿಗೆ ಅನ್ಯಾಯ ಮಾಡಿದಂತೆ. ಗೂಡಿರುವ ಮರದ ಬುಡದಲ್ಲಿ ಗುಂಡಿ ತೋಡುತ್ತಿದ್ದರು. ಅದಕ್ಕೆ ಕೆರೆಯ ಗೋಡುಮಣ್ಣು ಹಾಕಿ, ಆರು ತಿಂಗಳು ಹಿಕ್ಕೆ ಬೀಳಲು ಬಿಟ್ಟು, ಮಳೆಗಾಲಕ್ಕೆ ಮುಂಚೆ ಹೊಲಕ್ಕೆ ಹೊಡೆಯುತ್ತಿದ್ದರು. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಹೇರಳ. ಹೀಗೆ ಕೆರೆಯ ಮೀನು ಹಕ್ಕಿಯ ಹೊಟ್ಟೆಯ ದಾರಿಯಲ್ಲಿ ಹೊಲ ಸೇರುತ್ತಿತ್ತು. ಹೆಜ್ಜಾರ್ಲೆ ಬಾರದ ವರ್ಷ ಮಳೆ ಕೈಕೊಡುತ್ತದೆ ಎಂಬ ನಂಬಿಕೆಯೂ ಬೆಳೆದಿತ್ತು.

ಸರ್ಕಾರಿ ಗೊಬ್ಬರದ ಚೀಲ ಊರಿಗೆ ಬಂದಾಗ ಈ ಲೆಕ್ಕ ತಪ್ಪಿತು. ಹಿಕ್ಕೆಯ ಬೆಲೆ ಇಳಿಯಿತು, ನಷ್ಟ ಮಾತ್ರ ಹಾಗೇ ಉಳಿಯಿತು. ಗೂಡು ಕಟ್ಟಿದ ಮರದಲ್ಲಿ ಹುಣಸೆ ಫಸಲು ಸರಿಯಾಗಿ ಸಿಗುವುದಿಲ್ಲ. ಹಣ್ಣು ಬಡಿಯುವ ಹೊತ್ತಿಗೆ ಮೇಲೆ ಮರಿಗಳಿರುತ್ತವೆ, ಕೋಲೆತ್ತುವುದು ಹೇಗೆ? ಕಷ್ಟ ಬಂದ ಮನೆಯವರು ಮರವನ್ನೇ ಮಾರಿಬಿಡತೊಡಗಿದರು. ಮಗಳಿಗೆ ತವರು ಬೇಡವಾದದ್ದಲ್ಲ, ತವರಿಗೇ ಕೈ ಕಟ್ಟಿತ್ತು.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಈ ಊರಿನ ಹೆಜ್ಜಾರ್ಲೆ ನೆಲೆಯನ್ನು ಗುರುತಿಸಿ ದಾಖಲಿಸಿದರು. ಮುಂದೆ 80ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಗಿಡ ನೆಡಿಸಿದವರು ಇವರೇ. ಊರಿನವರಿಗೆ ತಲೆಮಾರುಗಳಿಂದ ಗೊತ್ತಿದ್ದದ್ದು ಹೊರಗಿನವರಿಗೆ ಗೊತ್ತಾದದ್ದು ಆಗ. ಅದರಿಂದಾದ ದೊಡ್ಡ ಉಪಕಾರವೆಂದರೆ, ಗೂಡಿರುವ ಮರದ ಒಡೆಯರಿಗೆ ಅರಣ್ಯ ಇಲಾಖೆ ಹುಣಸೆಯ ನಷ್ಟ ಕಟ್ಟಿಕೊಡುವ ಪದ್ಧತಿ. ಹಣ ದೊಡ್ಡದಲ್ಲ. ಆದರೂ ಹಕ್ಕಿ ಸಾಕುವ ಖರ್ಚು ಒಂದು ಮನೆಯ ತಲೆಯ ಮೇಲಷ್ಟೇ ಬೀಳಬಾರದು ಎಂಬ ನ್ಯಾಯ ಅದರಲ್ಲಿತ್ತು.

ಮುಂದಿನ ಕೆಲಸ ಊರಿನ ಹುಡುಗರದು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಕೆ. ಮನು ಊರಿಗೆ ಬಂದು ಜನರ ಜೊತೆ ಬೆರೆತು ಕೆಲಸಕ್ಕಿಳಿದರು. ಊರಿನ ಯುವಕರು ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಹೆಸರೇ ಎಷ್ಟು ಚೆಂದ ನೋಡಿ! ಸಂಘ, ಸಮಿತಿ ಅನ್ನಲಿಲ್ಲ, ಬಳಗ ಅಂದರು.

ಬಳಗದ ಮುಖ್ಯ ಕೆಲಸ ಬಿದ್ದ ಮರಿಗಳನ್ನು ಎತ್ತುವುದು. ಹೆಜ್ಜಾರ್ಲೆಯ ಗೂಡು ಮರದ ನೆತ್ತಿಯಲ್ಲಿ, ಕಡ್ಡಿ ಒಟ್ಟಿದ ಒಂದು ತಟ್ಟೆ, ಅಷ್ಟೆ. ಗಾಳಿ ಜೋರಾದರೆ, ಮರಿಗಳು ಒಂದನ್ನೊಂದು ನೂಕಾಡಿದರೆ ಕೆಳಗೆ ಬೀಳುತ್ತವೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣಿಸುವುದಿಲ್ಲ. ಮುಂಚೆ ಅವು ನಾಯಿಯ ಬಾಯಿಗೋ ಹಸಿವಿಗೋ ಹೋಗುತ್ತಿದ್ದವು. ಬಳಗದವರು ಬೇಲಿ ಸುತ್ತಿದ ಆವರಣದಲ್ಲಿ ಅವನ್ನಿಟ್ಟು ಮೀನು ತಿನ್ನಿಸಿ ಸಾಕತೊಡಗಿದರು. ಹೇಳಲು ಸುಲಭ. ಗೂಡಿನ ಮರಿಯಾದರೆ ತಾಯಿಯ ಕೊಕ್ಕಿನ ಚೀಲಕ್ಕೆ ತಲೆ ತೂರಿಸಿ ಉಣ್ಣುತ್ತದೆ. ಇಲ್ಲಿ ಆ ಚೀಲದ ಕೆಲಸವನ್ನು ಮನುಷ್ಯನ ಕೈ ಮಾಡಬೇಕು. ರೆಕ್ಕೆ ಬಲಿಯಲು ತಿಂಗಳುಗಟ್ಟಲೆ ಬೇಕು, ಅಷ್ಟೂ ದಿನ ಮೀನು ಹೊಂಚಬೇಕು. ಹೊಲದ ಕೆಲಸ ಮುಗಿಸಿ ಬಂದವರು ಹಕ್ಕಿಮರಿಯ ಮುಂದೆ ಮೀನು ಹಿಡಿದು ಕೂರುವುದಿದೆಯಲ್ಲ, ಅದಕ್ಕೆ ಯಾವ ಭಾಷಣವೂ ಸಮನಲ್ಲ.

ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ, ಖಾಸಗಿ ನೆಲವನ್ನೂ ಜನರೇ ಒಪ್ಪಿ ಸಮುದಾಯ ಮೀಸಲು ಎಂದು ಘೋಷಿಸಿಕೊಳ್ಳಲು ದಾರಿಯಾಯಿತು. 2007ರಲ್ಲಿ ಕೊಕ್ಕರೆಬೆಳ್ಳೂರಿಗೆ ಆ ಮಾನ್ಯತೆ ಸಿಕ್ಕಿತು. ಯಾರನ್ನೂ ಎಬ್ಬಿಸಲಿಲ್ಲ. ಹೊಲ ಹೊಲವಾಗಿಯೇ, ಹಿತ್ತಲು ಹಿತ್ತಲಾಗಿಯೇ ಉಳಿಯಿತು. ಪಕ್ಷಿಧಾಮವೆಂದರೆ ತಂತಿಬೇಲಿ ಎಂದುಕೊಂಡವರು ಒಮ್ಮೆ ನೋಡಬೇಕಾದ ವ್ಯವಸ್ಥೆ ಇದು.

ಆದರೆ ಊರು ಎಷ್ಟೇ ಜೋಪಾನ ಮಾಡಿದರೂ ಹಕ್ಕಿಯ ಊಟ ಊರಿನಲ್ಲಿಲ್ಲ. ಅದು ತೈಲೂರು ಕೆರೆಯಲ್ಲಿದೆ, ಮದ್ದೂರು ಕೆರೆಯಲ್ಲಿದೆ, ಶಿಂಷೆಯಲ್ಲಿದೆ. 2017ರ ಕೊನೆಯಿಂದ ಮರುವರ್ಷದ ಬೇಸಿಗೆಯವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತವು. ಪರೀಕ್ಷಿಸಿದಾಗ ಹೊಟ್ಟೆಯ ತುಂಬ ಜಂತುಹುಳು. ಈ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಬಿದ್ದ ಮರಿಯನ್ನು ಎತ್ತಿ ಬದುಕಿಸಿದ ಊರು, ತುತ್ತು ತಂದ ಕೇಡಿನ ಮುಂದೆ ಕೈಚೆಲ್ಲಿ ನಿಲ್ಲಬೇಕಾಯಿತು. ಕೆರೆಗೆ ಬರುವ ಚರಂಡಿ ನೀರು, ಹೊಲದಿಂದ ಬಸಿಯುವ ಔಷಧಿ, ಹೂಳು, ಒತ್ತುವರಿ ಇವೆಲ್ಲ ಈಗ ಕೊಕ್ಕರೆಬೆಳ್ಳೂರಿನ ಗಡಿಯಾಚೆಗಿನ, ಆದರೆ ಅದರದೇ ಚಿಂತೆಗಳು.

ನಮ್ಮ ಕಡೆ ತಲಾವುಗಳ ವಿಷಯ ಬಂದಾಗಲೆಲ್ಲ ಮಾತು ಹೂಳೆತ್ತುವ ಟೆಂಡರಿಗೆ, ಕಬ್ಬಿಗೆ ನೀರು ಬಿಡುವುದಕ್ಕೆ ನಿಲ್ಲುತ್ತದೆ. ಆ ನೀರಿನಲ್ಲಿ ಯಾವ ಹಕ್ಕಿ ಇಳಿಯುತ್ತದೆ, ಎಲ್ಲಿ ಮೊಟ್ಟೆ ಇಡುತ್ತದೆ ಎಂದು ಬರೆದಿಡುವ ನಾಲ್ಕು ಹುಡುಗರು ನಿಪ್ಪಾಣಿಯಲ್ಲೋ ಕಾಗವಾಡದಲ್ಲೋ ಜೊತೆಯಾದರೆ, ಅವರಿಗೆ ಮೊದಲು ಬೇಕಾಗುವುದು ಒಂದು ನೋಟುಬುಕ್ಕು, ಜೊತೆಗೆ ಆ ತಲಾವಿನ ದಂಡೆಯಲ್ಲಿ ಮರವಿರುವ ರೈತನ ಗೆಳೆತನ.

ಕೊಕ್ಕರೆಬೆಳ್ಳೂರಿನಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಹೆಜ್ಜಾರ್ಲೆಗಳು ಬಂದು ಹಳೆಯ ಕೊಂಬೆಗಳನ್ನೇ ಹುಡುಕುತ್ತವೆ. ಬಣ್ಣದ ಕೊಕ್ಕರೆಗಳು ಸ್ವಲ್ಪ ತಡವಾಗಿ ಸೇರಿಕೊಳ್ಳುತ್ತವೆ. ಬೇಸಿಗೆ ಕಳೆದು ಮರಿಗಳ ರೆಕ್ಕೆ ಬಲಿತ ಮೇಲೆ ಊರಿನ ಮರಗಳು ಒಂದೊಂದಾಗಿ ಖಾಲಿಯಾಗುತ್ತವೆ. ಬಾಣಂತನ ಮುಗಿಸಿದ ಮಗಳು ಮಕ್ಕಳೊಂದಿಗೆ ಹೊರಡುವುದು ಹಾಗೆ.