ಸಣ್ಣ ಕಾಲೇಜಿನಲ್ಲಿ ಭೌತಶಾಸ್ತ್ರ

ಹಂಗಳದಿಂದ ಬಸ್ಸು ಹತ್ತಿ ಗುಂಡ್ಲುಪೇಟೆಗೋ ಚಾಮರಾಜನಗರಕ್ಕೋ ಓದಲು ಹೋಗುವ ವಿದ್ಯಾರ್ಥಿಗಳೇ, ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಆರಿಸಿಕೊಳ್ಳುವಾಗ ನಿಮ್ಮಲ್ಲಿ ಅನೇಕರಿಗೆ ಒಂದು ಅಳುಕು ಇರುತ್ತದೆ: "ಸಣ್ಣ ಕಾಲೇಜು, ಹಳೆಯ ಉಪಕರಣ. ಇಲ್ಲಿ ಓದಿ ಏನು ಕಲಿತೇವು?" ಇದಕ್ಕೆ ಸರಳ ಲೋಲಕವೇ ಉತ್ತರ ಹೇಳಲಿ.

ಒಂದು ಮೀಟರ್ ಉದ್ದದ ದಾರಕ್ಕೆ ಲೋಹದ ಗುಂಡು ಕಟ್ಟಿ ಮೆಲ್ಲಗೆ ತೂಗಿಬಿಡಿ. ಒಮ್ಮೆ ಹೋಗಿಬರಲು ಅದಕ್ಕೆ ಸುಮಾರು 2 ಸೆಕೆಂಡು ಬೇಕು. ಗಡಿಯಾರ ಒತ್ತುವಾಗ ನಿಮ್ಮ ಬೆರಳು 0.2 ಸೆಕೆಂಡು ತಡಮಾಡಿದರೆ ಕಾಲದಲ್ಲಿ ಶೇಕಡಾ 10ರಷ್ಟು ದೋಷ. ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ ಉತ್ತರದಲ್ಲಿ ಸುಮಾರು ಶೇಕಡಾ 20ರಷ್ಟು ದೋಷ! ಅದೇ ಬೆರಳು, ಅದೇ ಗಡಿಯಾರ. ಆದರೆ 20 ಆಂದೋಲನ ಎಣಿಸಿದರೆ ದೋಷ ಶೇಕಡಾ 1ಕ್ಕೆ ಇಳಿಯುತ್ತದೆ. 100 ಎಣಿಸಿದರೆ ಶೇಕಡಾ 0.2. ಇಲ್ಲಿ ಬೇಕಾದದ್ದು ಹಣವಲ್ಲ, ತಾಳ್ಮೆ.

ಈ ತಾಳ್ಮೆ ನನಗಿರಲಿಲ್ಲ. ಬಿ.ಎಸ್ಸಿ. ಓದುವಾಗ ಉತ್ತರ 9.81 ಬರುವಂತೆ ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗುಗಳನ್ನು ತುಂಬಿಸಿದ್ದೆ. ನಮ್ಮ ಮೇಷ್ಟ್ರು ರೆಕಾರ್ಡ್ ಪುಸ್ತಕ ನೋಡಿ, "ಪ್ರಯೋಗವನ್ನು ಲಂಡನ್ನಿನಲ್ಲಿ ಮಾಡಿದೆಯೇನಪ್ಪ?" ಎಂದು ಕೇಳಿದರು. ನಾಚಿಕೆಯಿಂದ ತಲೆ ತಗ್ಗಿಸಿದೆ. 9.81 ಎಂಬುದು ಲಂಡನ್ನಿನ ಆಸುಪಾಸಿನ ಬೆಲೆ. ಸಮಭಾಜಕ ವೃತ್ತಕ್ಕೆ ಹತ್ತಿರವೂ ಸಮುದ್ರಮಟ್ಟಕ್ಕಿಂತ ಎತ್ತರವೂ ಆದ ನಮ್ಮ ಸೀಮೆಯಲ್ಲಿ ಅದು ಸುಮಾರು 9.78. ಈ ಸಣ್ಣ ಅಂತರ ಸುಮಾರು ಶೇಕಡಾ 0.3. ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು, 100 ಆಂದೋಲನಗಳನ್ನು ಹಲವು ಸಲ ಎಣಿಸಿದವರು ಅದನ್ನು ಹಿಡಿಯಬಲ್ಲರು. ನಕಲು ಮಾಡಿದವರ ಕೈಗೆ ಅದು ಎಂದೂ ಸಿಗದು.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ಸಿ.ವಿ. ರಾಮನ್ ಅವರ ಮೊದಲ ಸಂಶೋಧನ ಲೇಖನ 1906ರಲ್ಲಿ ಅಚ್ಚಾಯಿತು. ಸ್ಪೆಕ್ಟ್ರೋಮೀಟರಿನಲ್ಲಿ ಪ್ರಿಸಂನ ಕೋನ ಅಳೆಯುವಾಗ ಕಂಡ ಬೆಳಕಿನ ಪಟ್ಟೆಗಳೇ ಅದಕ್ಕೆ ಮೂಲ. ಬಿ.ಎಸ್ಸಿ. ವಿದ್ಯಾರ್ಥಿಗಳು ಇಂದಿಗೂ ಮಾಡುವ ಪ್ರಯೋಗವದು.

ಸಣ್ಣ ಕಾಲೇಜಿನಲ್ಲಿ ಕೊರತೆಗಳಿಲ್ಲವೆಂದಲ್ಲ. ಪುಸ್ತಕ ಕಡಿಮೆ ಇರಬಹುದು, ಉಪಕರಣಕ್ಕೆ ಸರದಿ ಕಾಯಬೇಕಾಗಬಹುದು. ಆದರೆ ಐ.ಐ.ಟಿ.ಗಳ ಎಂ.ಎಸ್ಸಿ.ಗೆ ನಡೆಯುವ 'ಜಾಮ್' ಪರೀಕ್ಷೆಯಲ್ಲಿ ನಿಮ್ಮ ಕಾಲೇಜು ಎಷ್ಟು ದೊಡ್ಡದೆಂದು ಯಾರೂ ಕೇಳುವುದಿಲ್ಲ.

ಇಂದು ಸಂಜೆಯೇ ಮನೆಯ ತೊಲೆಗೆ ಒಂದು ದಾರ ಕಟ್ಟಿ ನೋಡಿ. ಬಂದ ಅಂಕಿಯನ್ನು ಬಂದ ಹಾಗೆಯೇ ಬರೆಯಿರಿ. ಭೌತಶಾಸ್ತ್ರ ಅಲ್ಲಿಂದಲೇ ಆರಂಭ.