ತುಂಗಭದ್ರೆಯ ದೋಣಿಗೆ ಹೊರಮೋಟಾರು: ಪ್ರೊಪೆಲ್ಲರಿನ ಆಯ್ಕೆಯೂ ಜೋಡಣೆಯ ಎತ್ತರವೂ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಬೀದಿಗಳಲ್ಲಿ ನಡೆಯುವವನಿಗೆ ದೋಣಿಯ ನೆನಪು ಬರುವುದು ಅಪರೂಪ. ಬಿಸಿಲಿಗೂ ಬಂಡೆಗೂ ಹೆಸರಾದ ಊರಿನಲ್ಲಿ ಕುಳಿತು ಜಲಯಾನದ ಯಂತ್ರವನ್ನು ಕುರಿತು ಬರೆಯುವುದು ಕೆಲವರಿಗೆ ವಿನೋದವಾಗಿ ಕಾಣಲೂಬಹುದು. ಆದರೆ ಪಶ್ಚಿಮಕ್ಕೆ ಸುಮಾರು ಅರುವತ್ತು ಕಿಲೋಮೀಟರು ಹೋದರೆ ಹೊಸಪೇಟೆಯ ಬಳಿ, ತುಂಬಿದಾಗ ೩೭೮ ಚದರ ಕಿಲೋಮೀಟರು ಹರಡಿಕೊಳ್ಳುವ ತುಂಗಭದ್ರಾ ಜಲಾಶಯವಿದೆ. ಉತ್ತರಕ್ಕೆ ಹೋದರೆ ಸಿರುಗುಪ್ಪದ ಸೀಮೆಯಲ್ಲಿ ಅದೇ ನದಿ ಬಯಲುಗಳ ನಡುವೆ ಹರಿಯುತ್ತದೆ. ೨೦೦೯ರ ಅಕ್ಟೋಬರಿನ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯನ್ನೂ, ೨೦೧೯ರ ಆಗಸ್ಟಿನಲ್ಲಿ ಹಂಪೆಯ ಎದುರಿನ ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಜನರನ್ನು ದೋಣಿ ಮತ್ತು ಹೆಲಿಕಾಪ್ಟರುಗಳಿಂದ ದಾಟಿಸಬೇಕಾಗಿ ಬಂದುದನ್ನೂ ಬಲ್ಲವರಿಗೆ ಈ ವಿಷಯ ವಿನೋದದ್ದಲ್ಲವೆಂಬುದು ತಾನಾಗಿಯೇ ತಿಳಿದೀತು. ಅಂಥ ಹೊತ್ತಿನಲ್ಲಿ ಎಂಜಿನ್ನು ಗರ್ಜಿಸುತ್ತಿದ್ದರೂ ದೋಣಿ ಮುಂದಕ್ಕೆ ಹೋಗದಿದ್ದರೆ, ತಪ್ಪು ಅನೇಕ ವೇಳೆ ಎಂಜಿನ್ನಿನದಲ್ಲ. ಅದರ ಕಾಲಬುಡದಲ್ಲಿ ತಿರುಗುವ ಪ್ರೊಪೆಲ್ಲರಿನದು, ಇಲ್ಲವೆ ಅದನ್ನು ತೂಗುಹಾಕಿದ ಎತ್ತರದ್ದು.

ಈ ನದಿಯ ಸ್ವಂತ ವಾಹನ ಹರಿಗೋಲು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಬುಟ್ಟಿಯಂತೆ ಗುಂಡಾದ, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನರೂ ದನಕುದುರೆಗಳೂ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇದಕ್ಕೆ ಮೋಟಾರನ್ನೇಕೆ ಕಟ್ಟಬಾರದು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಉದ್ದನೆಯ ದೋಣಿ ಓರೆಯಾದರೆ ಅದರ ಪಕ್ಕವನ್ನು ಒತ್ತುವ ನೀರೇ ಆ ತಿರುಗುವಿಕೆಯನ್ನು ತಡೆಯುತ್ತದೆ. ಗುಂಡು ದೋಣಿಗೆ ಅಂಥ ತಡೆಯಿಲ್ಲ. ಅಂಚಿನಲ್ಲಿ ತೂಗುವ ಮೋಟಾರಿನ ಒತ್ತಡ ಕೇಂದ್ರದಿಂದ ಎಳ್ಳಷ್ಟು ತಪ್ಪಿದರೂ ಅದು ಬುಗುರಿಯಾಗುತ್ತದೆ. ಹುಟ್ಟು ಹಾಕುವವನು ಮುಂದೆ ನಿಂತು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುವುದರ ಮರ್ಮವೂ ಇದೇ. ಆದುದರಿಂದ ಮುಂದಿನ ಮಾತೆಲ್ಲವೂ ಹಿಂಬದಿಯಲ್ಲಿ ಗಟ್ಟಿಯಾದ ಅಡ್ಡಹಲಗೆಯುಳ್ಳ ದೋಣಿಗಳನ್ನು, ಅಂದರೆ ಮರ ಅಥವಾ ಫೈಬರಿನ ದೋಣಿ ಮತ್ತು ನೆರೆಯ ಕಾಲದ ಗಾಳಿದೋಣಿಗಳನ್ನು, ಕುರಿತದ್ದು.

ಪ್ರೊಪೆಲ್ಲರನ್ನು ಎರಡು ಅಳತೆಗಳಿಂದ ಹೆಸರಿಸುತ್ತಾರೆ: ವ್ಯಾಸ ಮತ್ತು ಪಿಚ್ಚು, ಎರಡೂ ಅಂಗುಲಗಳಲ್ಲಿ. ಮರದೊಳಕ್ಕೆ ತಿರುಗುವ ತಿರುಪುಮೊಳೆ ಒಂದು ಸುತ್ತಿಗೆ ಎಷ್ಟು ಒಳಗೆ ಹೋಗುವುದೋ ಹಾಗೆ, ನೀರು ಘನವಸ್ತುವಾಗಿದ್ದರೆ ಪ್ರೊಪೆಲ್ಲರು ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತಿತ್ತೋ ಅದು ಪಿಚ್ಚು. ಎಂಜಿನ್ನು ನಿಮಿಷಕ್ಕೆ ೫೦೦೦ ಸುತ್ತು ತಿರುಗಿ, ಹಲ್ಲುಗಾಲಿಗಳು ಅದನ್ನು ಅರ್ಧಕ್ಕಿಳಿಸಿದರೆ ಪ್ರೊಪೆಲ್ಲರಿಗೆ ೨೫೦೦ ಸುತ್ತು. ಪಿಚ್ಚು ೯ ಅಂಗುಲವಾದರೆ ಲೆಕ್ಕದ ವೇಗ ಗಂಟೆಗೆ ೩೪ ಕಿಲೋಮೀಟರಿನಷ್ಟು. ನೀರು ಘನವಸ್ತುವಲ್ಲ, ದೋಣಿ ನಿಜವಾಗಿ ೨೪ ಕಿಲೋಮೀಟರು ಹೋದರೆ ಉಳಿದ ಹತ್ತು ಕಿಲೋಮೀಟರು ಜಾರುವಿಕೆ, ಅಂದರೆ ನೂರಕ್ಕೆ ಸುಮಾರು ಮೂವತ್ತು. ಈ ಜಾರುವಿಕೆಯನ್ನು ದೋಷವೆಂದು ತಿಳಿಯಬಾರದು. ನೀರನ್ನು ಹಿಂದಕ್ಕೆ ತಳ್ಳದೆ ದೋಣಿ ಮುಂದಕ್ಕೆ ಹೋಗುವುದು ನ್ಯೂಟನ್ನನ ನಿಯಮಕ್ಕೇ ವಿರೋಧ.

ಪ್ರಶ್ನೆಯಿರುವುದು ಯಾವ ಬಗೆಯಾಗಿ ತಳ್ಳಬೇಕೆಂಬುದರಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ರ್‍ಯಾಂಕಿನ್ ಮತ್ತು ಫ್ರೂಡ್ ಇದನ್ನು ಸ್ಪಷ್ಟಪಡಿಸಿದರು. ಒತ್ತಡವು ಪ್ರತಿ ಸೆಕೆಂಡಿಗೆ ಹಿಡಿದ ನೀರಿನ ರಾಶಿ ಮತ್ತು ಅದಕ್ಕೆ ಕೊಟ್ಟ ವೇಗ ಇವೆರಡರ ಗುಣಲಬ್ಧ; ನೀರಿನಲ್ಲಿ ಪೋಲಾಗುವ ಶಕ್ತಿಯಾದರೋ ಆ ವೇಗದ ವರ್ಗಕ್ಕೆ ಅನುಗುಣ. ಇಮ್ಮಡಿ ನೀರನ್ನು ಹಿಡಿದು ಅರ್ಧ ವೇಗದಿಂದ ತಳ್ಳಿದರೆ ಒತ್ತಡ ಅಷ್ಟೇ, ನಷ್ಟ ಅರ್ಧ. ಆದುದರಿಂದ ಭಾರ ಎಳೆಯುವ ದೋಣಿಗೆ ವ್ಯಾಸ ಹೆಚ್ಚಿ ಪಿಚ್ಚು ಕಡಿಮೆಯಾದ ಪ್ರೊಪೆಲ್ಲರು ಒಪ್ಪುತ್ತದೆ. ಶಕ್ತಿ ಒಂದೇ ಆಗಿ ವ್ಯಾಸ ೯ರಿಂದ ೧೧ ಅಂಗುಲಕ್ಕೇರಿದರೆ, ನಿಂತಲ್ಲಿಯ ಎಳೆತ ಸಿದ್ಧಾಂತದ ಪ್ರಕಾರ ಏಳರಲ್ಲೊಂದು ಪಾಲು ಏರುತ್ತದೆ. ವ್ಯಾಸವನ್ನು ಮನಬಂದಂತೆ ಹೆಚ್ಚಿಸಲು ಬರುವುದಿಲ್ಲ. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಗಡು ಎಡೆಕೊಟ್ಟಷ್ಟೇ. ಹಲ್ಲುಗಾಲಿಯ ಇಳಿತ ಹೆಚ್ಚಾಗಿರುವ, ಭಾರದ ಕೆಲಸಕ್ಕೆಂದೇ ಮಾಡಿದ ಮೋಟಾರುಗಳಲ್ಲಿ ಈ ಎಡೆ ದೊಡ್ಡದಾಗಿರುತ್ತದೆ.

ದೋಣಿಯ ಉದ್ದವೂ ಒಂದು ಮಿತಿ ಹಾಕುತ್ತದೆ. ನೀರನ್ನು ಸೀಳಿಕೊಂಡು ಹೋಗುವ, ಮೇಲೇರಿ ಜಾರದ ಭಾರವಾದ ದೋಣಿ ತಾನೆಬ್ಬಿಸಿದ ಅಲೆಯನ್ನೇ ಹತ್ತಲಾರದು. ೬ ಮೀಟರು ಉದ್ದದ ದೋಣಿಗೆ ಈ ಮಿತಿ ಗಂಟೆಗೆ ೧೧ ಕಿಲೋಮೀಟರು, ಅಂದರೆ ಸೆಕೆಂಡಿಗೆ ಸುಮಾರು ೩ ಮೀಟರು. ನೆರೆಯ ಹೊಳೆಯೂ ಅದೇ ವೇಗದಿಂದ ಎದುರಾಗಿ ಬಂದರೆ ದೋಣಿ ದಡದ ಮರಕ್ಕೆ ಸಮನಾಗಿ ನಿಂತುಬಿಡುವುದು. ಇಲ್ಲಿ ದೊಡ್ಡ ಪಿಚ್ಚಿನ ಪ್ರೊಪೆಲ್ಲರನ್ನು ಹಾಕಿ ವೇಗವನ್ನು ನಿರೀಕ್ಷಿಸುವುದು ಕೇವಲ ಭ್ರಮೆ. ಅಂಥ ನೀರಿಗೆ ನೀರಿನ ಮೇಲೇರಿ ಜಾರುವ ಹಗುರವಾದ ಚಪ್ಪಟೆ ತಳದ ದೋಣಿಯೂ ಅದಕ್ಕೆ ತಕ್ಕ ಶಕ್ತಿಯೂ ಬೇಕು. ಅದರಲ್ಲಿಯೂ ಒಂದು ಮೋಸವಿದೆ: ಇಬ್ಬರೇ ಕುಳಿತಾಗ ಸೊಗಸಾಗಿ ಓಡಿಸಿದ ಪ್ರೊಪೆಲ್ಲರು ಎಂಟು ಜನರನ್ನು ಹತ್ತಿಸಿಕೊಂಡಾಗ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಹೋಗುವಾಗ ಖಾಲಿಯಾಗಿಯೂ ಬರುವಾಗ ತುಂಬಿಯೂ ಇರುವುದೇ ರಕ್ಷಣೆಯ ದೋಣಿಯ ಸ್ವಭಾವವಾದುದರಿಂದ, ಆಯ್ಕೆ ತುಂಬಿದ ದೋಣಿಯನ್ನು ಅನುಸರಿಸತಕ್ಕದ್ದು.

ಆಯ್ಕೆ ಸರಿಯಾಯಿತೇ ಎಂಬುದಕ್ಕೆ ಒರೆಗಲ್ಲು ಎಂಜಿನ್ನಿನ ಸುತ್ತುಗಳ ಎಣಿಕೆ. ಪೂರ್ಣ ಥ್ರಾಟಲಿನಲ್ಲಿ ಎಷ್ಟು ಸುತ್ತು ತಿರುಗಬೇಕೆಂದು ತಯಾರಕರು ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ; ಸಣ್ಣ ಮೋಟಾರುಗಳಲ್ಲಿ ಸಾಮಾನ್ಯವಾಗಿ ೪೫೦೦ರಿಂದ ೫೫೦೦, ಅಥವಾ ೫೦೦೦ದಿಂದ ೬೦೦೦. ತಲುಪದಿದ್ದರೆ ಪಿಚ್ಚು ಹೆಚ್ಚಾಯಿತು, ಮೀರಿದರೆ ಕಡಿಮೆಯಾಯಿತು. ಒಂದು ಅಂಗುಲ ಪಿಚ್ಚು ೧೫೦ರಿಂದ ೨೦೦ ಸುತ್ತುಗಳಷ್ಟು ವ್ಯತ್ಯಾಸ ಮಾಡುವುದೆಂಬುದು ಅನುಭವದ ಲೆಕ್ಕ.

ನಮ್ಮ ಸೀಮೆಗೆ ವಿಶಿಷ್ಟವಾದ ಒಂದಂಶವನ್ನು ಇಲ್ಲಿ ಸೇರಿಸಬೇಕು. ಜಲಾಶಯದ ಪೂರ್ಣ ಮಟ್ಟ ಸಮುದ್ರದಿಂದ ೧೬೩೩ ಅಡಿ, ಸುಮಾರು ೪೯೮ ಮೀಟರು. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರದ್ದಕ್ಕಿಂತ ನೂರಕ್ಕೆ ಆರರಷ್ಟು ಕಡಿಮೆ. ಅದರ ಮೇಲೆ ೪೦ ಡಿಗ್ರಿಯ ಬೇಸಗೆ. ೨೫ ಡಿಗ್ರಿಯ ಕಡಲತೀರದ ಗಾಳಿಯೊಡನೆ ಹೋಲಿಸಿದರೆ ಇಲ್ಲಿಯ ಮೇ ತಿಂಗಳ ಗಾಳಿ ಹತ್ತರಲ್ಲೊಂದು ಪಾಲು ತೆಳು. ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಂದುತ್ತದೆ. ಪ್ರೊಪೆಲ್ಲರು ಕೇಳುವ ಶಕ್ತಿ ಸುತ್ತಿನ ಘನಕ್ಕೆ ಅನುಗುಣವಾದುದರಿಂದ ಸುತ್ತುಗಳು ನೂರಕ್ಕೆ ಮೂರೂವರೆಯಷ್ಟು ಇಳಿಯುತ್ತವೆ: ೫೫೦೦ ಇದ್ದುದು ೫೩೧೦ಕ್ಕೆ ಬರುತ್ತದೆ. ಮಲ್ಪೆಯಲ್ಲಿಯೋ ಗಂಗೊಳ್ಳಿಯಲ್ಲಿಯೋ ಸರಿಯಾಗಿ ಒಪ್ಪಿದ ಜೋಡಿಯನ್ನು ಹಾಗೆಯೇ ತುಂಗಭದ್ರೆಗೆ ತಂದರೆ ಪಿಚ್ಚನ್ನು ಒಂದು ಅಂಗುಲ ಇಳಿಸಬೇಕಾಗುವುದು ಇದರಿಂದಲೇ.

ಇನ್ನು ಎತ್ತರ. ಅಡ್ಡಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ನಡುರೇಖೆಯಲ್ಲಿ ಅಳೆಯಬೇಕು. ೧೫ ಅಂಗುಲದ ಹಲಗೆಗೆ ಗಿಡ್ಡ ಕಾಲಿನ ಮೋಟಾರು, ೨೦ಕ್ಕೆ ಉದ್ದ ಕಾಲಿನದು, ೨೫ಕ್ಕೆ ಅತಿ ಉದ್ದದ್ದು. ಅಗ್ಗವೆಂದು ಬೇರೆ ಕಾಲಿನ ಮೋಟಾರನ್ನು ಕೊಂಡವರು ಆಮೇಲೆ ಹಲಗೆಯನ್ನು ಕೊರೆಯುವುದೂ ಮರದ ತುಂಡನ್ನು ಕೂಡಿಸುವುದೂ ನಾವು ಕಾಣದ ಸಂಗತಿಯಲ್ಲ. ಪ್ರೊಪೆಲ್ಲರಿನ ಮೇಲಿನ ಚಪ್ಪಟೆ ತಗಡು ದೋಣಿಯ ತಳದ ಸಮಕ್ಕೆ, ಅಥವಾ ಅದಕ್ಕಿಂತ ಅರ್ಧದಿಂದ ಒಂದು ಅಂಗುಲ ಕೆಳಗೆ ಇರುವಂತೆ ಮೊದಲು ನಿಲ್ಲಿಸಿ ನೋಡಬೇಕು. ತೀರ ಕೆಳಗಾದರೆ ಕಾಲು ನೀರನ್ನು ಸುಮ್ಮನೆ ಉಳುತ್ತದೆ, ತುಂತುರೆಬ್ಬಿಸುತ್ತದೆ, ಬಂಡೆಗೆ ಬೇಗ ತಗಲುತ್ತದೆ. ತೀರ ಮೇಲಾದರೆ ಮೇಲಿನ ಗಾಳಿ ರೆಕ್ಕೆಗಳಿಗೆ ಸೇರಿಕೊಂಡು, ಹಿಡಿತ ತಪ್ಪಿದ ಎಂಜಿನ್ನು ಏಕಾಏಕಿ ಕಿರುಚುತ್ತದೆ; ತಂಪಿನ ನೀರನ್ನು ಹೀರುವ ರಂಧ್ರಗಳೂ ಬರಿದಾಗಬಹುದು.

ಈ ಗಾಳಿ ಸೇರುವಿಕೆಯನ್ನು ಅನೇಕರು ಕ್ಯಾವಿಟೇಷನ್ ಎಂದು ಕರೆಯುತ್ತಾರೆ, ಅದು ತಪ್ಪು. ಕ್ಯಾವಿಟೇಷನ್ನಿನಲ್ಲಿ ಹೊರಗಿನ ಗಾಳಿಗೆ ಪಾತ್ರವೇ ಇಲ್ಲ. ರೆಕ್ಕೆಯ ಬೆನ್ನಿನಲ್ಲಿ ಒತ್ತಡ ಬಹಳ ಇಳಿದು ನೀರು ತಾನೇ ಆವಿಯಾಗುವುದೂ, ಆ ಗುಳ್ಳೆಗಳು ಒಡೆದು ಲೋಹವನ್ನು ಕೊರೆಯುವುದೂ ಅದರ ಲಕ್ಷಣ. ೧೮೯೦ರ ದಶಕದಲ್ಲಿ ಪಾರ್ಸನ್ಸನ ಟರ್ಬೀನಿಯಾ ಹಡಗನ್ನು ಮೊದಲಲ್ಲಿ ಕಾಡಿದ್ದು ಇದು. ಮೇಲೆ ಹೇಳಿದ ತಗಡು ತಡೆಯುವುದು ಗಾಳಿಯನ್ನೇ ಹೊರತು ಆವಿಯನ್ನಲ್ಲ.

ಅರ್ಧರ್ಧ ಅಂಗುಲ ಮೇಲೆತ್ತುತ್ತ, ತಿರುವಿನಲ್ಲಿ ಗಾಳಿ ಸೇರತೊಡಗಿದ ಕೂಡಲೆ ಒಂದು ಮೆಟ್ಟಲು ಕೆಳಗಿಳಿಸುವುದೇ ರೂಢಿಯ ಕ್ರಮ. ರಕ್ಷಣೆಯ ದೋಣಿಗೆ ಇಷ್ಟು ಸಾಲದು. ನೀರಿನಿಂದ ಜನರನ್ನು ಎತ್ತಿಕೊಳ್ಳುವಾಗ ಎಲ್ಲರೂ ಮೂತಿಯ ಕಡೆಗೆ ನುಗ್ಗುವರು. ಮೂತಿ ತಗ್ಗಿ ಹಿಂಬದಿ ಏಳುವುದು. ಹಿಡಿತ ಅತ್ಯಗತ್ಯವಾದ ಆ ಕ್ಷಣದಲ್ಲಿಯೇ ಪ್ರೊಪೆಲ್ಲರು ಗಾಳಿಯನ್ನು ಕಡೆಯುವುದು. ಮುಂದೆ ಮರಳಿನ ಚೀಲಗಳನ್ನಿಟ್ಟು ಪರೀಕ್ಷಿಸದೆ ಎತ್ತರವನ್ನು ನಿಶ್ಚಯಿಸಬಾರದು. ವೇಗದಲ್ಲಿ ಒಂದೆರಡು ಕಿಲೋಮೀಟರು ಹೋದರೂ ಚಿಂತೆಯಿಲ್ಲ.

ಹಂಪೆ, ಆನೆಗೊಂದಿಗಳ ಹೊಳೆಯಲ್ಲಿ ನೀರಿನಡಿ ಬಂಡೆಗಳೇ ಹೆಚ್ಚು. ಅಲ್ಲಿಗೆ ಉಕ್ಕಿನ ರೆಕ್ಕೆಗಿಂತ ಅಲ್ಯುಮಿನಿಯಮ್ಮಿನದೇ ಲೇಸು. ಪೆಟ್ಟು ಬಿದ್ದರೆ ತಾನು ಬಾಗಿ ಒಳಗಿನ ಹಲ್ಲುಗಾಲಿಗಳನ್ನು ಉಳಿಸುತ್ತದೆ. ಜಲಾಶಯದ ಕಷ್ಟ ಬೇರೆ. ಮೊದಲು ೧೩೩ ಟಿ.ಎಂ.ಸಿ.ಯಷ್ಟಿದ್ದ ಅದರ ಧಾರಣಶಕ್ತಿ ಹೂಳಿನಿಂದ ಸುಮಾರು ೧೦೫ಕ್ಕೆ ಇಳಿದಿದೆ. ಬೇಸಗೆಯಲ್ಲಿ ಅಂಚಿನ ನೀರು ಮೊಣಕಾಲುದ್ದದ ಕೆಸರಾಗುತ್ತದೆ. ಅಲ್ಲಿ ಮೋಟಾರನ್ನು ಓರೆಗೆತ್ತಿ ನಿಧಾನವಾಗಿ ಸಾಗಬೇಕು, ತಂಪಿನ ನೀರಿನ ಧಾರೆ ಹೊರಗೆ ಬೀಳುತ್ತಿದೆಯೇ ಎಂದು ನೋಡುತ್ತಲೇ ಇರಬೇಕು.

ಕಾಲೇಜಿನ ವಿದ್ಯಾರ್ಥಿಗಳು ಇವನ್ನೆಲ್ಲ ಸ್ವಲ್ಪ ವೆಚ್ಚದಲ್ಲಿ ಅಳೆದು ನೋಡಬಹುದು. ಎಳೆತಕ್ಕೆ ದೋಣಿಯನ್ನು ದಡದ ಗೂಟಕ್ಕೆ ಕಟ್ಟಿ ನಡುವೆ ಸ್ಪ್ರಿಂಗ್ ತಕ್ಕಡಿ, ಸುತ್ತಿಗೆ ಟ್ಯಾಕೋಮೀಟರು, ವೇಗಕ್ಕೆ ಕೈಯಲ್ಲಿಯ ಮೊಬೈಲ್ ಫೋನೇ ಸಾಕು. ಹೊಳೆಯಲ್ಲಿ ಅಳೆಯುವಾಗ ಪ್ರವಾಹದ ಪಾಲನ್ನು ಕಳೆಯಲು ಒಂದೇ ದೂರವನ್ನು ಮೇಲಕ್ಕೂ ಕೆಳಕ್ಕೂ ಓಡಿಸಬೇಕು. ಆಗ ಎರಡು ವೇಗಗಳ ಸರಾಸರಿಯನ್ನು ತೆಗೆಯಬೇಕೇ ಹೊರತು ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಬಾರದು. ದೋಣಿಯ ನಿಜವಾದ ವೇಗ ೧೧, ಹೊಳೆಯದು ೩ ಆದರೆ ಅಳತೆಗೆ ಸಿಗುವುದು ೧೪ ಮತ್ತು ೮. ಅವುಗಳ ಸರಾಸರಿ ೧೧. ಎರಡನೆಯ ರೀತಿಯಲ್ಲಿ ಲೆಕ್ಕ ಹಾಕಿದವನಿಗೆ ೧೦.೨ ಬಂದು, ಅವನು ನಿರಪರಾಧಿಯಾದ ಪ್ರೊಪೆಲ್ಲರನ್ನು ಬದಲಾಯಿಸಲು ಹೊರಡುವನು.